ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ: ಎರಡು ಬೇರೆ ಟಿಕೆಟ್ ಇದ್ದರೆ ಯಾವ ತೂಕದ ಮಿತಿ ಅನ್ವಯಿಸುತ್ತದೆ?

ಪ್ರಶ್ನೆ (ಕೋಥರೂಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಹುಬ್ಬಳ್ಳಿಯವರು. ಬಹಳ ವರ್ಷಗಳಿಂದ ಪುಣೆಯಲ್ಲಿ ನೆಲೆಸಿದ್ದೇವೆ. ಮಗಳ ಬಾಣಂತನಕ್ಕಾಗಿ ನಾನೂ ನಮ್ಮ ಯಜಮಾನರೂ ಶಿಕಾಗೊಗೆ ಹೋಗಬೇಕಾಗಿದೆ. ಅಳಿಯಂದಿರು ಎರಡು ದಾರಿಗಳನ್ನು ಸೂಚಿಸಿದ್ದಾರೆ. ಮೊದಲನೆಯದು, ಮುಂಬೈಯಿಂದ ದುಬೈ ಮೂಲಕ ಶಿಕಾಗೊಗೆ ಒಂದೇ ಟಿಕೆಟ್. ಎರಡನೆಯದು, ಪುಣೆಯಿಂದ ದೆಹಲಿಗೆ ಒಂದು ಟಿಕೆಟ್, ಅಲ್ಲಿಂದ ಶಿಕಾಗೊಗೆ ಬೇರೊಂದು ಟಿಕೆಟ್. ಇದು ಸ್ವಲ್ಪ ಅಗ್ಗ. ಅಮೆರಿಕದ ವಿಮಾನದಲ್ಲಿ ತಲಾ 46 ಕಿಲೋ ಒಯ್ಯಬಹುದೆಂದು ಹೇಳುತ್ತಾರೆ. ಆ ಮಿತಿ ಪುಣೆ–ದೆಹಲಿ ವಿಮಾನಕ್ಕೂ ಅನ್ವಯಿಸುತ್ತದೆಯೇ? ಅಂಟಿನುಂಡೆ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಒಣಕೊಬ್ಬರಿ, ಗಸಗಸೆ, ಕರಿಬೇವು, ಸ್ವಲ್ಪ ಸೋನಾ ಮಸೂರಿ ಅಕ್ಕಿ ಇವನ್ನೆಲ್ಲ ಒಯ್ಯುವ ಆಸೆ ನನಗಿದೆ. ನಮ್ಮ ಯಜಮಾನರಿಗೆ ಮೊಣಕಾಲು ನೋವಿರುವುದರಿಂದ ಭಾರ ಎತ್ತಲಾರರು. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ (ಮಡಗಾಂವ್, ಗೋವಾ)

ಅಮ್ಮಾ, ನಾನು ಇಲ್ಲಿ ಟಿಕೆಟ್ ಕಾಯ್ದಿರಿಸುವ ಕೆಲಸದಲ್ಲಿರುವವನು. ನಿಮ್ಮ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ: ಮುಂಬೈಯಿಂದ ಒಂದೇ ಟಿಕೆಟ್ ಮಾಡಿಸಿ.

ದೆಹಲಿಯ ಟಿಕೆಟ್ ಬೇರೆಯಾಗಿದ್ದರೆ ಅದು ಬರೀ ದೇಶದೊಳಗಿನ ಪ್ರಯಾಣವೆನಿಸಿಕೊಳ್ಳುತ್ತದೆ, ಮತ್ತು ಅದರಲ್ಲಿ ಎಕಾನಮಿ ಪ್ರಯಾಣಿಕರಿಗೆ ಸಾಮಾನ್ಯವಾಗಿ ಸಿಗುವುದು ತಲಾ 15 ಕಿಲೋ ಮಾತ್ರ. ಇಬ್ಬರಿಗೂ ಸೇರಿ 30 ಕಿಲೋ. ನೀವು 23 ಕಿಲೋದ ನಾಲ್ಕು ಸೂಟ್‌ಕೇಸ್ ಒಯ್ದರೆ ಒಟ್ಟು 92 ಕಿಲೋ ಆಗುತ್ತದೆ. ಉಳಿದ 62 ಕಿಲೋಗೆ ಕಿಲೋ ಲೆಕ್ಕದಲ್ಲಿ ಹಣ ಕಟ್ಟಬೇಕಾದಾಗ ಟಿಕೆಟ್‌ನಲ್ಲಿ ಉಳಿಸಿದ್ದೆಲ್ಲ ಪುಣೆಯ ಕೌಂಟರ್‌ನಲ್ಲೇ ಖರ್ಚಾಗಿಬಿಡುತ್ತದೆ. ಅಷ್ಟೇ ಅಲ್ಲ, ದೆಹಲಿಯಲ್ಲಿ ಸಾಮಾನು ಬಿಡಿಸಿಕೊಂಡು, ಮತ್ತೆ ಸಾಲಿನಲ್ಲಿ ನಿಂತು ಹೊಸದಾಗಿ ಚೆಕ್‌ಇನ್ ಮಾಡಿಸಬೇಕಾಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಕಂಪನಿ ಅದಕ್ಕೆ ಹೊಣೆಯಾಗುವುದಿಲ್ಲ. ಮಂಡಿನೋವಿರುವ ಹಿರಿಯರನ್ನು ಆ ಕಷ್ಟಕ್ಕೆ ಒಡ್ಡುವುದು ಬೇಡ. ಕೋಥರೂಡಿನಿಂದ ಒಂದು ಟ್ಯಾಕ್ಸಿ ಮಾಡಿಕೊಂಡು ಎಕ್ಸ್‌ಪ್ರೆಸ್‌ವೇ ಮೂಲಕ ನೇರವಾಗಿ ಮುಂಬೈಯ ಟರ್ಮಿನಲ್ 2ಕ್ಕೆ ಬಂದರೆ ಸಾಮಾನು ಇಳಿಸುವುದು ಒಂದೇ ಸಲ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿಗೆ ಕೋರಿಕೆ ಸಲ್ಲಿಸಿ.

ಇನ್ನು 46 ಕಿಲೋ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಅಮೆರಿಕದ ಪ್ರಯಾಣದಲ್ಲಿ ಲೆಕ್ಕ ನಡೆಯುವುದು ಚೀಲಗಳ ಮೇಲೆ: ಸಾಮಾನ್ಯವಾಗಿ ಒಬ್ಬರಿಗೆ ಎರಡು ಚೀಲ, ಒಂದೊಂದೂ 23 ಕಿಲೋ ಮೀರಬಾರದು. ಒಂದರಲ್ಲಿ 27, ಇನ್ನೊಂದರಲ್ಲಿ 19 ಕಿಲೋ ಇಟ್ಟು ಒಟ್ಟು ಸರಿಯಾಯಿತೆಂದು ವಾದಿಸುವಂತಿಲ್ಲ. ಕೌಂಟರ್‌ನ ಮುಂದೆಯೇ ಬಿಚ್ಚಿ ಸರಿಪಡಿಸಬೇಕಾಗುತ್ತದೆ, ಇಲ್ಲವೇ ಹೆಚ್ಚಿನ ಶುಲ್ಕ ಕಟ್ಟಬೇಕಾಗುತ್ತದೆ. 32 ಕಿಲೋ ಮೀರಿದ ಚೀಲವನ್ನಂತೂ ಹಣ ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದನ್ನು ಎತ್ತುವ ಕಾರ್ಮಿಕರ ಬೆನ್ನಿನ ಪ್ರಶ್ನೆ ಅದು. ಅಗ್ಗದ ದರದ ಕೆಲವು ಟಿಕೆಟ್‌ಗಳಲ್ಲಿ ಒಂದೇ ಚೀಲಕ್ಕೆ ಅವಕಾಶವಿರುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಟಿಕೆಟ್‌ನ ಬ್ಯಾಗೇಜ್ ಸಾಲಿನಲ್ಲಿ ‘2 ಪಿಸಿ’ (ಎರಡು ಚೀಲ) ಎಂದಿದೆಯೇ ಎಂಬುದನ್ನು ಅಳಿಯಂದಿರು ನೋಡಿಕೊಳ್ಳಲಿ.

ಸೂಟ್‌ಕೇಸ್‌ನ ಉದ್ದ, ಅಗಲ, ಎತ್ತರ ಮೂರೂ ಸೇರಿ ಸಾಮಾನ್ಯವಾಗಿ 158 ಸೆಂಟಿಮೀಟರ್ ಮೀರಬಾರದು, ಚಕ್ರ ಮತ್ತು ಹಿಡಿಕೆಗಳೂ ಈ ಅಳತೆಯೊಳಗೇ ಬರಬೇಕು.

ಉತ್ತರ (ಮಾಟುಂಗಾ, ಮುಂಬೈ)

ಟಿಕೆಟ್‌ನ ವಿಷಯದಲ್ಲಿ ಮೇಲಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ತಿನಿಸುಗಳ ವಿಷಯದಲ್ಲಿ ಮಾತ್ರ ನಿಮ್ಮ ಪಟ್ಟಿಯಲ್ಲಿ ನಾಲ್ಕು ಪದಾರ್ಥಗಳನ್ನು ಬಿಡಬೇಕಾಗುತ್ತದೆ.

ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಬಹಳವಿರುವುದರಿಂದ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ವರ್ಗಕ್ಕೆ ಸೇರಿದೆ. ಮುಂಬೈ ನಿಲ್ದಾಣದಲ್ಲಿ ಎಕ್ಸ್‌ರೇ ತಪಾಸಣೆಯಲ್ಲಿ ಕೊಬ್ಬರಿ ಗಿಟುಕುಗಳು ಕಂಡರೆ ತೆಗೆಸುತ್ತಾರೆ. ಗಸಗಸೆ ಅಮೆರಿಕದಲ್ಲಿ ತೊಂದರೆಯ ವಸ್ತುವಲ್ಲ, ಆದರೆ ದುಬೈ ಇರುವ ಯುಎಇಯಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಆ ಮಾರ್ಗದಲ್ಲಿ ಹೋಗುವವರು ಒಂದು ಚಮಚದಷ್ಟನ್ನೂ ಜೊತೆಗಿಟ್ಟುಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ. ಹಸಿ ಕರಿಬೇವನ್ನು ಅಮೆರಿಕ ಒಳಬಿಡುವುದಿಲ್ಲ, ಏಕೆಂದರೆ ಆ ಗಿಡವನ್ನು ಆಶ್ರಯಿಸುವ ಕೀಟದಿಂದ ಅಲ್ಲಿನ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುತ್ತದೆ. ಅಕ್ಕಿಗೂ ಇಂಥದೇ ಕಾರಣವಿದೆ: ಧಾನ್ಯವನ್ನು ಹಾಳುಮಾಡುವ ಖಪ್ರಾ ಎಂಬ ದುಂಬಿ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು 2011ರಿಂದಲೇ ನಿಷೇಧಿಸಿದ್ದಾರೆ, ಮತ್ತು ಆ ದೇಶಗಳಲ್ಲಿ ಭಾರತವೂ ಒಂದು. ಕಡಲೆಕಾಳಿಗೂ ಇದೇ ನಿಯಮ.

ಇದರಿಂದ ನೀವು ಬೇಸರ ಮಾಡಿಕೊಳ್ಳಬೇಕಿಲ್ಲ. ಶಿಕಾಗೊದ ಡೆವನ್ ಅವೆನ್ಯೂದಲ್ಲಿ ಭಾರತೀಯ ದಿನಸಿ ಅಂಗಡಿಗಳು ಸಾಲಾಗಿವೆ. ಅಕ್ಕಿ, ಕೊಬ್ಬರಿ, ಗಸಗಸೆಗಳನ್ನು ಅಲ್ಲೇ ಕೊಂಡು, ಅಂಟಿನುಂಡೆಯನ್ನು ಮಗಳ ಅಡುಗೆಮನೆಯಲ್ಲೇ ಕಟ್ಟಿಕೊಡಿ. ಬಿಸಿಬಿಸಿಯಾಗಿ ಕಟ್ಟಿದ ಉಂಡೆ ಬಾಣಂತಿಗೆ ಇನ್ನೂ ಹಿತ. ಖಡಕ್ ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ಬಟ್ಟೆಗಳ ನಡುವೆ ಇಡಿ, ಚಟ್ನಿಪುಡಿಯನ್ನು ಎರಡು ಪದರದ ಚೀಲದಲ್ಲಿ ಮುಚ್ಚಿ, ಇಂಥದು ಎಂದು ಚೀಟಿ ಅಂಟಿಸಿ. ಯಾವ ತಿನಿಸಿದ್ದರೂ ಅಮೆರಿಕದ ಕಸ್ಟಮ್ಸ್‌ನಲ್ಲಿ ‘ಆಹಾರ ಪದಾರ್ಥಗಳಿವೆ’ ಎಂದು ತಿಳಿಸಲೇಬೇಕು. ತಿಳಿಸಿದ ವಸ್ತುವನ್ನು ಅವರು ತೆಗೆದುಕೊಂಡರೂ ದಂಡ ಹಾಕುವುದಿಲ್ಲ. ಮುಚ್ಚಿಟ್ಟದ್ದು ಸಿಕ್ಕರೆ ದಂಡ ಬೀಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮುಂಬೈಯ ಟಿಕೆಟನ್ನೇ ಮಾಡಿಸಲು ಅಳಿಯಂದಿರಿಗೆ ಹೇಳಿದ್ದೇನೆ. ಇನ್ನೊಂದು ಮಾತು: ಯಜಮಾನರ ರಕ್ತದೊತ್ತಡದ ಮಾತ್ರೆಗಳನ್ನೂ ಮಗುವಿಗೆಂದು ಮಾಡಿಸಿದ ಬೆಳ್ಳಿಯ ಕಾಲ್ಗಡಗ, ಚಿನ್ನದ ಉಂಗುರಗಳನ್ನೂ ಎಲ್ಲಿಡಬೇಕು?

ಉತ್ತರ (ಡೊಂಬಿವಲಿ)

ಅವೆರಡೂ ಕೈಚೀಲದಲ್ಲೇ ಇರಲಿ. ಸಾಮಾನು ಕಳೆದುಹೋದರೆ ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬ ಪ್ರಯಾಣಿಕರಿಗೆ ಸಿಗುವ ಪರಿಹಾರದ ಗರಿಷ್ಠ ಮಿತಿ, 2024ರ ಡಿಸೆಂಬರ್ 28ರಿಂದ, 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ಅಂದರೆ ಸುಮಾರು 2,000 ಡಾಲರ್. ಒಡವೆಗೂ ಬಟ್ಟೆಗೂ ಸೇರಿಯೇ ಇಷ್ಟು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಅವುಗಳ ಹಾಳೆಯಲ್ಲೇ ಇಟ್ಟು, ವೈದ್ಯರ ಇಂಗ್ಲಿಷ್ ಚೀಟಿಯನ್ನೂ ಜೊತೆಗಿಡಿ.

ಕೈಚೀಲಕ್ಕೆ ಹೆಚ್ಚಿನ ಕಂಪನಿಗಳು 7 ಕಿಲೋ ಮಿತಿ ಇಟ್ಟಿವೆ. ಪವರ್ ಬ್ಯಾಂಕ್ ಇದ್ದರೆ ಅದನ್ನು ದೊಡ್ಡ ಸೂಟ್‌ಕೇಸ್‌ನಲ್ಲಿ ಹಾಕಲೇಬಾರದು, ಏಕೆಂದರೆ ಲೀಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿದರೆ ವಿಮಾನದ ಕೆಳಗಿನ ಸಾಮಾನಿನ ಕೋಣೆಯಲ್ಲಿ ಅದನ್ನು ಆರಿಸಲು ಯಾರೂ ಇರುವುದಿಲ್ಲ. ಎಣ್ಣೆ, ಮುಲಾಮುಗಳ ಬಾಟಲಿ ಕೈಚೀಲದಲ್ಲಿ ತಲಾ 100 ಮಿಲಿಲೀಟರ್ ಮೀರಬಾರದು. ಉಪ್ಪಿನಕಾಯಿ, ಖಾರದಪುಡಿಗಳನ್ನು ಕೈಚೀಲದಲ್ಲಿ ಇಡಲೇಬೇಡಿ.

ಶಿಕಾಗೊದಲ್ಲಿ ಇಳಿದ ಮೇಲೆ ಬೆಲ್ಟ್‌ನಿಂದ ಸಾಮಾನು ಬಾರದಿದ್ದರೆ ಅಥವಾ ಒಡೆದು ಬಂದರೆ ಹೊರಗೆ ಹೋಗುವ ಮೊದಲೇ ವಿಮಾನ ಕಂಪನಿಯ ಕೌಂಟರ್‌ನಲ್ಲಿ ಪಿಐಆರ್ ಎಂಬ ದೂರು ಬರೆಸಿ, ಅದರ ಸಂಖ್ಯೆ ಪಡೆದುಕೊಳ್ಳಿ. ಹಾನಿಯಾಗಿದ್ದರೆ ಸಾಮಾನು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಹೊರಡುವಾಗ ನಾಲ್ಕೂ ಸೂಟ್‌ಕೇಸ್‌ಗಳ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು, ಕೌಂಟರ್‌ನಲ್ಲಿ ಕೊಡುವ ಟ್ಯಾಗ್ ಚೀಟಿಗಳನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.