ಇಟಲಿ ಕಾಲದ ಪೂರ್ವ ಆಫ್ರಿಕಾ ಲಕೋಟೆಗಳು: ಯಾವ ಊರು ಯಾವ ಪ್ರಾಂತ್ಯಕ್ಕೆ?

ಕೊತ್ರೂಡ್_ಕನ್ನಡಿಗ (ಪುಣೆ):
1936–41ರ ಲಕೋಟೆಗಳನ್ನು ಆಲ್ಬಮ್ಮಿನಲ್ಲಿ ಪ್ರಾಂತ್ಯವಾರು ಜೋಡಿಸಬೇಕು. ಅಂಚೆ ಠಸ್ಸೆಗಳಲ್ಲಿ ಅಡುವಾ, ದೆಸ್ಸಿಯೆ, ದಿರೆ ದಾವಾ, ಅಡಿಸ್ ಅಬಾಬಾ ಇವೆ. ಇಂದಿನ ಇಥಿಯೋಪಿಯಾ ನಕ್ಷೆ ನೋಡಿ ವಿಂಗಡಿಸಿದರೆ ಆದೀತೇ? ಶೋವಾ ಪ್ರಾಂತ್ಯ ಕೆಲವು ಹಳೇ ನಕ್ಷೆಗಳಲ್ಲಿದೆ, ಕೆಲವದರಲ್ಲಿ ಇಲ್ಲ, ಯಾಕೆ?

ಮಾಟುಂಗಾ_ಚೀಟಿ (ಮುಂಬೈ):
ಇಂದಿನ ನಕ್ಷೆ ಬೇಡವೇ ಬೇಡ. 1936ರ ಮೇ 5ರಂದು ಅಡಿಸ್ ಅಬಾಬಾ ಇಟಲಿಯ ಕೈಸೇರಿತು. ಜೂನ್ 1ರ ಕಾನೂನು ಎರಿಟ್ರಿಯಾ, ಸೊಮಾಲಿಯಾ, ಇಥಿಯೋಪಿಯಾಗಳನ್ನು ಒಂದುಗೂಡಿಸಿ ಹೊಸದಾಗಿ ಹೋಳು ಮಾಡಿತು: ಎರಿಟ್ರಿಯಾ (ಕೇಂದ್ರ ಅಸ್ಮಾರಾ), ಅಮ್ಹಾರಾ (ಗೊಂಡರ್), ಹರಾರ್, ಗಲ್ಲಾ-ಸಿದಾಮಾ (ಜಿಮ್ಮಾ), ಸೊಮಾಲಿಯಾ (ಮೊಗಾದಿಶು). ಅಡಿಸ್ ಅಬಾಬಾ ಪ್ರತ್ಯೇಕ.

ಎಲ್ಲರೂ ಎಡವುವುದು ಗಡಿಯಲ್ಲಿ. ತಿಗ್ರಾಯ್ ಎರಿಟ್ರಿಯಾಕ್ಕೆ ಹೋಯಿತು, ಒಗಾಡೆನ್ ಸೊಮಾಲಿಯಾಕ್ಕೆ. ಆದ್ದರಿಂದ ಅಡುವಾ, ಅಕ್ಸುಮ್, ಮೆಕೆಲೆ ಠಸ್ಸೆಗಳು ಎರಿಟ್ರಿಯಾ ಪುಟಕ್ಕೇ ಸಲ್ಲಬೇಕು. ದೆಸ್ಸಿಯೆ ಅಮ್ಹಾರಾಕ್ಕೆ, ದಿರೆ ದಾವಾ ಹರಾರ್‌ಗೆ.

ಶೋವಾ ಪ್ರಾಂತ್ಯ ಹುಟ್ಟಿದ್ದು 1938ರ ನವೆಂಬರಿನಲ್ಲಿ, ಅಡಿಸ್ ಅಬಾಬಾಕ್ಕೆ ಸುತ್ತಲಿನ ಪ್ರಾಂತ್ಯಗಳ ತುಂಡು ಸೇರಿಸಿ. ಠಸ್ಸೆಯಲ್ಲಿ ದಿನಾಂಕದ ಪಕ್ಕ ರೋಮನ್ ಅಂಕಿ ಇದ್ದರೆ ಅದು ಫ್ಯಾಸಿಸ್ಟ್ ವರ್ಷ, ಅಂದರೆ ಮುಸೊಲಿನಿ ಆಡಳಿತದ ವರ್ಷಗಣನೆ. ಪ್ರತಿ ವರ್ಷ ಅಕ್ಟೋಬರ್ 29ಕ್ಕೆ ಬದಲಾಗುತ್ತದೆ. ಅಂಕಿಗೆ 1921 ಕೂಡಿದರೆ ಅದು ಶುರುವಾದ ಇಸವಿ ಸಿಗುತ್ತದೆ: 17 ಅಂದರೆ 1938ರ ಅಕ್ಟೋಬರ್‌ನಿಂದ. ಅಡಿಸ್ ಅಬಾಬಾ ಲಕೋಟೆಯಲ್ಲಿ 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶೋವಾ ಶೀರ್ಷಿಕೆ ಹಾಕಬೇಡಿ. ಅಂಕಿ ಮಸುಕಾಗಿದ್ದರೆ ಲೆನ್ಸ್ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ಅಂಚೆ ಚೀಟಿಯನ್ನು ನಂಬಿ ಪ್ರಾಂತ್ಯ ಬರೆಯಬೇಡಿ. 1938ರ ಸಾಮಾನ್ಯ ಚೀಟಿ ಸರಣಿ ಎಲ್ಲ ಪ್ರಾಂತ್ಯಗಳಲ್ಲೂ ಚಲಾವಣೆಯಲ್ಲಿತ್ತು.

ಮಡಗಾಂವ್_ನಕ್ಷೆ (ಗೋವಾ):
ಪ್ರಾಂತ್ಯದ ಕೆಳಗೆ ಕಮಿಸ್ಸಾರಿಯಾತೊ, ಅದರ ಕೆಳಗೆ ರೆಸಿದೆಂಜಾ. ನಮ್ಮ ಜಿಲ್ಲೆ, ತಾಲೂಕು ಇದ್ದಂತೆ. ಗಡಿ ಗೀಚಿದ್ದರ ಹಿಂದಿನ ಉದ್ದೇಶವನ್ನೂ ಪುಟದಲ್ಲಿ ಬರೆಯಿರಿ. ಶೋವಾ ಸೀಮೆಯ ಅಮ್ಹಾರಾ ಜನರ ಪ್ರಾಬಲ್ಯ ಮುರಿಯುವುದು ಅದರ ಗುರಿ. ಅದೇ 1936ರ ಕಾನೂನಿನಲ್ಲಿ ಶಾಲಾ ಭಾಷೆಗಳನ್ನೂ ಪ್ರಾಂತ್ಯವಾರು ಹಂಚಿದ್ದರು: ಹರಾರ್‌ನಲ್ಲಿ ಹರಾರಿ ಮತ್ತು ಒರೋಮೊ, ಜಿಮ್ಮಾ ಕಡೆ ಒರೋಮೊ ಮತ್ತು ಕಫಾ. ‘ಗಲ್ಲಾ’ ಅಂತ ಒರೋಮೊ ಜನರನ್ನು ಕರೆಯುವುದು ಇಂದು ಅವಮಾನ, ಹಾಗಾಗಿ ಆ ಪದ ಪ್ರಾಂತ್ಯದ ಅಧಿಕೃತ ಹೆಸರಿಗಷ್ಟೇ ಇರಲಿ.

ಕೊತ್ರೂಡ್_ಕನ್ನಡಿಗ:
1941ರವು ಎಲ್ಲಿಗೆ?

ಮಾಟುಂಗಾ_ಚೀಟಿ:
ಊರಿಗೊಂದು ಗೆರೆ ಎಳೆಯಬೇಕು ಸರ್. ಅಸ್ಮಾರಾ ಏಪ್ರಿಲ್ 1ಕ್ಕೆ, ಅಡಿಸ್ ಅಬಾಬಾ ಏಪ್ರಿಲ್ 6ಕ್ಕೆ ಇಟಲಿಯ ಕೈತಪ್ಪಿದವು. ಗೊಂಡರ್ ನವೆಂಬರ್ 27ರವರೆಗೆ ಉಳಿಯಿತು, ಬರೀ ದಿನಾಂಕ ನೋಡಿ ಅಲ್ಲಿನ ಲಕೋಟೆಯನ್ನು ನಕಲಿ ಅನ್ನಬೇಡಿ. ಬ್ರಿಟಿಷ್ ಚೀಟಿಯ ಮೇಲೆ ಎಂ.ಇ.ಎಫ್. (ಮಿಡಲ್ ಈಸ್ಟ್ ಫೋರ್ಸಸ್) ಅಚ್ಚು, ಅಸ್ಮಾರಾ ಠಸ್ಸೆ ಇದ್ದರೆ, ಅಥವಾ ಇ.ಎ.ಎಫ್. (ಈಸ್ಟ್ ಆಫ್ರಿಕಾ ಫೋರ್ಸಸ್) ಅಚ್ಚು, ಮೊಗಾದಿಶು ಠಸ್ಸೆ ಇದ್ದರೆ ಅದು ಬ್ರಿಟಿಷ್ ಸೇನಾಡಳಿತದ್ದು, ಬೇರೆ ಆಲ್ಬಮ್ಮಿಗೆ.