ಪದಚರ್ಚೆ: ‘ನಿಗಿರು’ ಎಂಬ ಜಪಾನಿ ಕ್ರಿಯಾಪದಕ್ಕೆ ಕನ್ನಡ ಬೇಕಾಗಿದೆ (ಶುಕ್ರವಾರದೊಳಗೆ)

ಪ್ರಶ್ನೆ

ಮಾನ್ಯ ಬಳಗದವರಿಗೆ ನಮಸ್ಕಾರಗಳು.

ಟೋಕಿಯೋ ಪ್ರವಾಸದಲ್ಲಿರುವ ನಾನು ಮೊನ್ನೆ ತ್ಸುಕಿಜಿಯ ಹೊರಮಾರುಕಟ್ಟೆಯ ಸಮೀಪ, ಹೊಸಬರಿಗಾಗಿ ನಡೆಸುವ ಸುಶಿ (ವಿನೆಗರ್ ಬೆರೆಸಿದ ಅನ್ನದ ಜಪಾನಿ ತಿನಿಸು) ತರಗತಿಯೊಂದಕ್ಕೆ ಸೇರಿ ಒಂದು ಬೆಳಗಿನ ಹೊತ್ತು ಕಲಿತೆ. ಬರುವ ಶನಿವಾರ ಅಲ್ಲಿಗೆ ಕನ್ನಡದ ಕುಟುಂಬವೊಂದು ಬರಲಿದ್ದು, ಅವರಲ್ಲಿ ಇಬ್ಬರು ಹಿರಿಯರಿಗೆ ಕನ್ನಡವಲ್ಲದೆ ಬೇರೆ ಭಾಷೆ ಓದಲು ಬರುವುದಿಲ್ಲವಂತೆ. ತಮ್ಮ ಒಂದು ಪುಟದ ಸೂಚನಾಪತ್ರವನ್ನು ಕನ್ನಡಕ್ಕೆ ತಂದುಕೊಡಲು ಸಾಧ್ಯವೇ ಎಂದು ಶಿಕ್ಷಕಿ ಕೇಳಿದರು, ನಾನು ಒಪ್ಪಿಕೊಂಡೆ. ಶುಕ್ರವಾರ ಸಂಜೆಗೆ ಹಾಳೆ ಮುದ್ರಣವಾಗಬೇಕು.

ಸುಶಿ, ನೋರಿ (ಕಡಲಪಾಚಿಯ ತೆಳುಹಾಳೆ), ವಸಾಬಿ (ಖಾರದ ಹಸಿರು ಮಸಾಲೆ) ಮುಂತಾದ ಹೆಸರುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ತೊಡಕಿರುವುದು ಕೈಕೆಲಸವನ್ನು ಹೇಳುವ ಕ್ರಿಯಾಪದಗಳಲ್ಲಿ. ಜಪಾನಿ ಹಾಳೆಯಲ್ಲಿ ‘ನಿಗಿರು’ ಎಂದಿರುವಲ್ಲಿ ಇಂಗ್ಲಿಷ್ ಹಾಳೆಯಲ್ಲಿ ‘ಪ್ರೆಸ್’ ಎಂದಿದೆ. ನಾನು ಅದನ್ನು ‘ಒತ್ತು’ ಎಂದು ಅರ್ಥ ಮಾಡಿಕೊಂಡು ಅನ್ನವನ್ನು ಒತ್ತಿದೆ. ಶಿಕ್ಷಕಿ ನಾನು ಮಾಡಿದ ತುಂಡನ್ನು ಎರಡಾಗಿ ಮುರಿದು ತೋರಿಸಿದರು: ಅಗುಳುಗಳು ಒಂದಕ್ಕೊಂದು ಮೆತ್ತಿಕೊಂಡು ಬಿಳಿಯ ಮೇಣದಂತಾಗಿದ್ದವು, ನಡುವೆ ಗಾಳಿಯೇ ಇರಲಿಲ್ಲ. ಆಮೇಲೆ ಅವರು ನನ್ನ ಎಡಗೈಯನ್ನು ತಮ್ಮ ಅಂಗೈಯ ಮೇಲಿರಿಸಿಕೊಂಡು ಬೆರಳುಗಳನ್ನು ಮೆಲ್ಲನೆ ಮಡಚಿಸಿದರು, ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಅನ್ನದ ಮೇಲೆ ಒಂದು ಕ್ಷಣ ಇರಿಸಿ ತೆಗೆಸಿದರು. ಅಷ್ಟೇ ಸಾಕಾಯಿತು. ಈ ಕ್ರಿಯೆಗೆ ಒತ್ತು, ಅದುಮು, ಹಿಚುಕು, ಹಿಂಡು ಎಂಬ ಯಾವ ಮಾತೂ ಸಲ್ಲುವುದಿಲ್ಲ. ‘ಉಂಡೆ ಕಟ್ಟು’ ಎಂದರೆ ಆಕಾರ ತಪ್ಪುತ್ತದೆ.

ಇನ್ನೆರಡು ಸಣ್ಣ ಸಂದೇಹಗಳಿವೆ. ಬಿಸಿ ಅನ್ನಕ್ಕೆ ವಿನೆಗರ್ ಸೇರಿಸುವಾಗ ಜಪಾನಿ ಹಾಳೆ ‘ಕತ್ತರಿಸುವ ಹಾಗೆ ಬೆರೆಸಿ’ ಎನ್ನುತ್ತದೆ. ‘ಕಲಸಿ’ ಎಂದು ಬರೆದರೆ ನಮ್ಮವರು ಕೈಹಾಕಿ ನಿಜವಾಗಿಯೂ ಕಲಸಿಬಿಡುತ್ತಾರೆ. ಹಾಗೆಯೇ ಅನ್ನದ ಬಿಸಿಯನ್ನು ‘ಹಿತೊಹದ’, ಅಂದರೆ ಮನುಷ್ಯರ ಮೈಯಷ್ಟು, ಎಂದು ಹೇಳಿದ್ದಾರೆ. ಇದಕ್ಕೆ ‘ಉಗುರುಬೆಚ್ಚಗೆ’ ಸಾಕೇ?

ಒಂದನೆಯ ಉತ್ತರ

ಹೆಸರುಗಳ ಬಗ್ಗೆ ತಕರಾರಿಲ್ಲವೆಂದು ತಾವು ದಾಟಿಹೋದದ್ದು ಸರಿಯಲ್ಲ, ಏಕೆಂದರೆ ಮುಖ್ಯವಾದ ಹೆಸರು ನಮ್ಮದೇ ಆಗಿದೆ. ಸುಶಿಯ ಅನ್ನವನ್ನು ಅಲ್ಲಿನ ಕಸುಬುದಾರರು ‘ಶರಿ’ ಎನ್ನುತ್ತಾರೆ. ಇದು ಬೌದ್ಧಧರ್ಮದೊಡನೆ ಚೀನಾದ ಮೂಲಕ ಜಪಾನನ್ನು ಸೇರಿದ ‘ಶರೀರ’ ಶಬ್ದ. ಅಲ್ಲಿ ಅದಕ್ಕೆ ಬುದ್ಧನ ಅಸ್ಥಿಧಾತು ಎಂದರ್ಥ. ಬೆಳ್ಳಗೆ ಸಣ್ಣಗೆ ಇರುವ ಅಗುಳುಗಳು ಆ ಧಾತುಕಣಗಳನ್ನು ಹೋಲುವುದರಿಂದ ಅನ್ನಕ್ಕೂ ಆ ಹೆಸರು ಬಂತೆಂಬುದು ಪ್ರಚಲಿತ ವಿವರಣೆ. ಇನ್ನೊಂದು ವಿವರಣೆ ಅದನ್ನು ಭತ್ತವೆಂಬ ಅರ್ಥದ ‘ಶಾಲಿ’ಗೆ ಜೋಡಿಸುತ್ತದೆ, ನನಗೆ ಇದೇ ಹೆಚ್ಚು ಒಪ್ಪಿಗೆ. ಆದ್ದರಿಂದ ತಮ್ಮ ಹಾಳೆಯಲ್ಲಿ ‘ಶಾಲ್ಯನ್ನ’ ಎಂದು ಬರೆಯುವುದೇ ಯುಕ್ತ. ಸಾವಿರಾರು ಮೈಲಿಗಳಾಚೆ ಹೋದ ಮಾತನ್ನು ಮನೆಗೆ ಕರೆತಂದಂತಾಗುತ್ತದೆ.

ಇದರೊಡನೆ ಗಮನಿಸಬೇಕಾದ ಇನ್ನೊಂದು ಮಾತು ‘ಗರಿ’. ಸುಶಿಯ ಜೊತೆ ಕೊಡುವ ಸಿಹಿ ವಿನೆಗರಿನಲ್ಲಿ ಹಾಕಿದ ಶುಂಠಿಯ ಚೂರುಗಳಿಗೆ, ಕಚ್ಚಿದಾಗ ಬರುವ ಸದ್ದಿನಿಂದ, ಆ ಹೆಸರು ಬಂದಿದೆ. ನಮ್ಮ ‘ಗರಿಗರಿ’ಯನ್ನು ನೆನೆಯಿರಿ. ಜಪಾನಿ ಮತ್ತು ತಮಿಳಿನ ನಂಟನ್ನು ಪ್ರತಿಪಾದಿಸಿದ ಸುಸುಮು ಓನೊ (1919–2008) ಅವರ ವಾದವನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬಾರದೆಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

‘ನಿಗಿರು’ ಎಂಬುದಕ್ಕೆ ‘ಪಿಂಡೀಕರಿಸು’ ಎನ್ನಬಹುದು.

ಎರಡನೆಯ ಉತ್ತರ

ಊಟದ ಹಾಳೆಯಲ್ಲಿ ಪಿಂಡ ಬೇಡ. ಹಿರಿಯರಿಬ್ಬರು ಓದುವ ಹಾಳೆ ಅದು.

‘ಶಾಲ್ಯನ್ನ’ವೂ ಬೇಡ. ಅನುಕರಣದ ಮಾತುಗಳು ಎಲ್ಲ ಭಾಷೆಗಳಲ್ಲಿಯೂ ತಾವಾಗಿ ಹುಟ್ಟುತ್ತವೆ, ಎರಡು ಸದ್ದುಗಳು ಹೋಲಿದವೆಂದು ನಂಟಸ್ತಿಕೆ ಹೇಳಲಾಗದು. ಓನೊ ಅವರ ವಾದವನ್ನು ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಿಲ್ಲ. ಕನ್ನಡದ ಹಾಳೆಗೆ ಕನ್ನಡದ ಬೇರಿನ ಮಾತೇ ಬೇಕು. ‘ಸುಶಿ’ ಎಂಬುದೇ ಹಳೆಯ ಜಪಾನಿಯಲ್ಲಿ ‘ಹುಳಿಯಾದದ್ದು’ ಎಂಬ ಗುಣವಾಚಕ. ಹಾಗಿರುವಾಗ ‘ಹುಳಿಗೂಳು’ ಎನ್ನುವುದಕ್ಕೆ ಅಡ್ಡಿಯೇನು? ನೋರಿಗೆ ‘ಕಡಲಹಾಳೆ’, ಸುರುಳಿ ಸುತ್ತುವ ಮಕಿಸುವಿಗೆ ‘ಬಿದಿರುಚಾಪೆ’. ‘ವಿನೆಗರ್ ಅನ್ನ’ ಎಂದು ಬರೆಯುವವರು, 13ನೇ ಶತಮಾನದಲ್ಲಿಯೇ ವ್ಯಾಕರಣಕಾರ ಕೇಶಿರಾಜನು ಅರಿಸಮಾಸಕ್ಕೆ, ಅಂದರೆ ಬೇರೆ ಬೇರೆ ಭಾಷೆಗಳ ಪದಗಳನ್ನು ಬೆಸೆಯುವ ಸಮಾಸಕ್ಕೆ, ಹಾಕಿದ ಕಟ್ಟನ್ನು ಒಮ್ಮೆ ನೆನೆಯಲಿ.

ಮೂರನೆಯ ಉತ್ತರ

ಕೂಳು ಹಳಗನ್ನಡದಲ್ಲಿ ಮರ್ಯಾದೆಯ ಮಾತಾಗಿತ್ತೆಂಬುದು ನಿಜ, ಆದರೆ ಇಂದು ಅದು ಬೈಗುಳದ ಜೊತೆ ಮಾತ್ರ ಬಾಯಿಗೆ ಬರುತ್ತದೆ. ಕಲಿಯಲು ಬಂದ ಅತಿಥಿಗಳ ಕೈಗೆ ‘ಹುಳಿಗೂಳು’ ಎಂದು ಬರೆದುಕೊಡಲಾಗದು. ಕೇಶಿರಾಜನನ್ನು ಇಲ್ಲಿಗೆ ಎಳೆದುತರುವ ಅಗತ್ಯವೂ ಇರಲಿಲ್ಲ.

ವ್ಯುತ್ಪತ್ತಿಯನ್ನೇ ಅರ್ಥವೆಂದು ಭಾವಿಸುವ ತಪ್ಪನ್ನು ಹಿಂದಿನ ಇಬ್ಬರೂ ಮಾಡಿದ್ದಾರೆ. ಸುಶಿಯ ಮೂಲಾರ್ಥ ಹುಳಿ ಎಂಬುದು ಸರಿ. ಬಿವಾ ಸರೋವರದ ಸೀಮೆಯಲ್ಲಿ ಈಗಲೂ ಮಾಡುವ ಫುನಜುಶಿಯಲ್ಲಿ ಮೀನನ್ನು ಅನ್ನದೊಳಗೆ ತಿಂಗಳುಗಟ್ಟಲೆ ಹುದುಗಿಸಿ ಹುಳಿಯಿಸುತ್ತಾರೆ, ಹೆಸರು ಹುಟ್ಟಿದ್ದು ಅಂಥ ಪದ್ಧತಿಯಿಂದ. ಈ ತರಗತಿಯಲ್ಲಿ ಕಲಿಸುವ ನಿಗಿರಿ ಸುಶಿಯಾದರೋ 19ನೇ ಶತಮಾನದ ಮೊದಲ ದಶಕಗಳಲ್ಲಿ ಎದೊ ಪಟ್ಟಣದ, ಅಂದರೆ ಇಂದಿನ ಟೋಕಿಯೋದ, ಬೀದಿಗಳಲ್ಲಿ ರೂಢಿಗೆ ಬಂದದ್ದು. ಅದರ ಹುಳಿ ವಿನೆಗರಿನದು. ಹುಳಿ ಎನ್ನಲು ಜಪಾನಿಯರು ಈಗ ‘ಸುಪ್ಪಾಯಿ’ ಎಂಬ ಬೇರೆ ರೂಪವನ್ನು ಬಳಸುತ್ತಾರೆ. ಅವರೇ ಬಿಟ್ಟ ಅರ್ಥವನ್ನು ನಾವು ಅನುವಾದಿಸುವುದು ಏಕೆ? ಹಾಗೆಯೇ ‘ಶರೀರ’ ಅಲ್ಲಿ ಅನ್ನವಾಗಿರಬಹುದು, ಕನ್ನಡದಲ್ಲಿ ಅದು ಮೈ. ಅಡುಗೆಯ ಹಾಳೆಗೆ ಆ ನೆನಪನ್ನು ತರಬಾರದು.

ಎರವಲಿನ ಬಗ್ಗೆ ಇಷ್ಟು ಹಿಂಜರಿಕೆ ಇರುವವರು ‘ರಿಕ್ಷಾ’ವನ್ನು ಏನು ಮಾಡುತ್ತಾರೆ? ಅದು ಜಪಾನಿಯ ‘ಜಿನ್-ರಿಕಿ-ಶಾ’, ಎಂದರೆ ಮನುಷ್ಯ-ಬಲ-ಗಾಡಿ. ತಲೆಯಲ್ಲಿದ್ದ ಮನುಷ್ಯನು ಉದುರಿಹೋಗಿ, ಎಂಜಿನ್ ಬಂದು, ಆಟೋರಿಕ್ಷಾ ಆದರೂ ನಮಗೆ ಅದು ಪರಕೀಯವೆನಿಸಿಲ್ಲ. 2004ರ ಡಿಸೆಂಬರಿನ ಬಳಿಕ ‘ಸುನಾಮಿ’ ಎಂಬ ಮಾತಿಗೆ ಯಾರೂ ಅರ್ಥ ಕೇಳಲಿಲ್ಲ. ಜಪಾನಿಯರೂ ಈ ವಿಷಯದಲ್ಲಿ ಉದಾರಿಗಳೇ: ಒಸಾಕಾದವರು ಬಂಗಡೆ ಜಾತಿಯ ಮೀನನ್ನು ಅನ್ನದ ಮೇಲಿಟ್ಟು ಅಚ್ಚಿನಲ್ಲಿ ಒತ್ತಿ ಮಾಡುವ ಸುಶಿಗೆ ‘ಬತ್ತೆರಾ’ ಎನ್ನುತ್ತಾರೆ, ಅದು ದೋಣಿ ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ಸುಶಿಯ ಹೃದಯಭಾಗದಲ್ಲಿಯೇ ಎರವಲು ಕುಳಿತಿರುವಾಗ ನಾವು ಮಡಿ ಮಾಡುವುದು ಬೇಡ. ‘ಸುಶಿ ಅನ್ನ’ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ. ‘ನಿಗಿರಿ’ಯನ್ನೂ ಹಾಗೆಯೇ ಇಟ್ಟು ‘ನಿಗಿರಿ ಮಾಡಿ’ ಎಂದರೆ ಸಾಕು.

ಎರಡನೆಯವರ ಮರುಮಾತು

ರಿಕ್ಷಾ ಬಂದಾಗ ನಮ್ಮಲ್ಲಿ ಆ ಗಾಡಿ ಇರಲಿಲ್ಲ, ಆದ್ದರಿಂದ ಮಾತೂ ಬಂತು. ಕೈ ಮತ್ತು ಅನ್ನ ನಮ್ಮಲ್ಲಿ ಮೊದಲೇ ಇವೆ. ‘ನಿಗಿರಿ ಮಾಡಿ’ ಎಂದು ಬರೆದರೆ ಕೈ ಏನು ಮಾಡಬೇಕೆಂಬುದು ಹಾಳೆಯಲ್ಲಿ ಇರುವುದೇ ಇಲ್ಲ. ಹೆಸರನ್ನು ಎರವಲು ತರಬಹುದು, ಕ್ರಿಯೆಯನ್ನು ತರಲಾಗದು.

ನಾಲ್ಕನೆಯ ಉತ್ತರ

ಈ ಕೊನೆಯ ವಾಕ್ಯವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ‘ಹುಳಿಗೂಳ’ನ್ನು ಒಪ್ಪದಿದ್ದರೂ. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಕ್ರಿಯಾಪದ. ಅದಕ್ಕೆ ಇದುವರೆಗೆ ಯಾರೂ ನೆಟ್ಟಗೆ ಉತ್ತರಿಸಿಲ್ಲ.

‘ನಿಗಿರು’ ಎಂಬುದರ ಮೊದಲ ಅರ್ಥ ಕೈಯೊಳಗೆ ಹಿಡಿ ಎಂದು. ಅದರಿಂದಾದ ನಾಮ ‘ನಿಗಿರಿ’. ‘ಹಿತೊನಿಗಿರಿ’ ಎಂದರೆ ಒಂದು ಹಿಡಿ. ಈಗ ಕನ್ನಡವನ್ನು ನೋಡಿರಿ: ‘ಹಿಡಿ’ ಎಂಬುದು ನಮ್ಮಲ್ಲಿ ಕ್ರಿಯಾಪದವೂ ಹೌದು, ‘ಒಂದು ಹಿಡಿ ಅಕ್ಕಿ’ ಎಂಬಲ್ಲಿ ನಾಮವೂ ಹೌದು. ಎರಡು ಭಾಷೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಒಂದೇ ಕೈಚಲನೆಯಿಂದ ಕ್ರಿಯೆಯನ್ನೂ ಅಳತೆಯನ್ನೂ ಹೆಸರಿಸಿವೆ. ಸುತ್ತು ಎಂಬ ಅರ್ಥದ ‘ಮಕು’ ಎಂಬುದಕ್ಕೂ ಹೀಗೆಯೇ ಜೋಡಿ ಸಿಗುತ್ತದೆ. ‘ಮಕಿಮೊನೊ’ ಎಂದರೆ ನೋರಿಯಲ್ಲಿ ಸುತ್ತಿದ ಸುಶಿಯೂ ಆಗುತ್ತದೆ, ಸುತ್ತಿಟ್ಟ ಚಿತ್ರಪಟವೂ ಆಗುತ್ತದೆ. ನಮ್ಮ ‘ಸುರುಳಿ’ ಎರಡಕ್ಕೂ ಸಲ್ಲುತ್ತದೆ.

‘ಅನ್ನವನ್ನು ಹಿಡಿಯಿರಿ’ ಎಂದು ಮಾತ್ರ ಬರೆದರೆ ಹಿಡಿದು ನಿಂತುಬಿಡುತ್ತಾರೆ. ಆದ್ದರಿಂದ ‘ಹಿಡಿ ಕಟ್ಟಿರಿ’ ಎನ್ನಿ. ಉಂಡೆ ಕಟ್ಟಿ ಗೊತ್ತಿರುವ ಕೈಗೆ ‘ಕಟ್ಟು’ ಎಂದೊಡನೆ ಬೆರಳುಗಳು ತಾವಾಗಿ ಬಾಗುತ್ತವೆ, ಅಂಗೈ ಬಾಗುವುದಿಲ್ಲ. ತಮಗೆ ಬೇಕಾಗಿದ್ದದ್ದು ಇದೇ ಹದ.

ಇನ್ನೊಂದು: ‘ಉಗುರುಬೆಚ್ಚಗೆ’ ಎನ್ನುವುದು ನೀರಿಗೆ, ಹಾಲಿಗೆ. ಅನ್ನವನ್ನು ಉಗುರಿನಿಂದ ಮುಟ್ಟಿ ನೋಡುವ ರೂಢಿಯಿಲ್ಲ. ‘ಮೈಬಿಸಿಯಷ್ಟು ಆರಿಸಿ’ ಎಂದರೆ ಜಪಾನಿ ಮಾತಿಗೂ ನಿಷ್ಠೆ ಉಳಿಯುತ್ತದೆ, ಕನ್ನಡವೂ ಕೆಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಹಿಡಿ ಕಟ್ಟು’ ಎಂಬುದನ್ನು ನಿನ್ನೆ ಸಂಜೆ ನನ್ನ ಮೇಲೆಯೇ ಪ್ರಯೋಗಿಸಿದೆ. ಶಿಕ್ಷಕಿಯ ಅನುಮತಿ ಪಡೆದು, ಮಿಕ್ಕಿದ್ದ ಅನ್ನವನ್ನು ತೆಗೆದುಕೊಂಡು, ಆ ಎರಡು ಮಾತುಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಾಲ್ಕು ನಿಗಿರಿ ಮಾಡಿದೆ. ಅವರು ಒಂದನ್ನು ಎತ್ತಿ ಮುರಿದರು. ಅಗುಳುಗಳು ಬಿಡಿಬಿಡಿಯಾಗಿ ತಟ್ಟೆಗೆ ಬಿದ್ದವು. ‘ಒತ್ತು’ ಎಂದುಕೊಂಡಾಗ ಆಗದಿದ್ದ ಕೆಲಸ ‘ಕಟ್ಟು’ ಎಂದುಕೊಂಡಾಗ ಆಯಿತೆಂಬುದು ನನಗೆ ಬಹಳ ಸಂತೋಷದ ಸಂಗತಿ.

ಆದರೆ ಒಂದು ಅಪಾಯ ಕಂಡಿತು. ಹಿಡಿ ಎಂದರೆ ಮುಷ್ಟಿ ತುಂಬ ಎಂಬ ಅಳತೆ ನಮ್ಮ ಮನಸ್ಸಿನಲ್ಲಿದೆ, ನಿಗಿರಿಗೆ ಬೇಕಾದ ಅನ್ನವಾದರೋ ಸುಮಾರು 20 ಗ್ರಾಂ ಮಾತ್ರ. ಆದ್ದರಿಂದ ‘ಸಣ್ಣ ಹಿಡಿ’ ಎಂದು ಬರೆದು, ಮುಂದೆ ತೂಕವನ್ನೂ ಕೊಟ್ಟಿದ್ದೇನೆ. ‘ಸುಶಿ ಅನ್ನ’ವನ್ನು ಒಪ್ಪಿಕೊಂಡಿದ್ದೇನೆ. ‘ಬಿದಿರುಚಾಪೆ’ ನೋಡಿದೊಡನೆ ತಿಳಿಯುವ ಮಾತು, ಅದನ್ನೂ ಇಟ್ಟುಕೊಂಡೆ. ‘ಕಡಲಹಾಳೆ’ಯನ್ನು ಬಿಟ್ಟೆ, ಏಕೆಂದರೆ ತರಗತಿಯಲ್ಲಿ ನೋರಿ ಎಂದೇ ಅವರಿಗೆ ಕೇಳಿಸುತ್ತದೆ. ‘ಕತ್ತರಿಸುವ ಹಾಗೆ’ ಎಂಬುದಕ್ಕೆ ಯಾರೂ ಉತ್ತರಿಸದ ಕಾರಣ ನಾನೇ ಒಂದು ದಾರಿ ಹುಡುಕಿಕೊಂಡೆ. ಕರಡಿನ ಆ ಭಾಗ ಹೀಗಿದೆ:

“ಅನ್ನ ಬಿಸಿಯಾಗಿರುವಾಗಲೇ ಅಗಲವಾದ ಮರದ ತೊಟ್ಟಿಗೆ ಹಾಕಿ, ಸಕ್ಕರೆ ಮತ್ತು ಉಪ್ಪು ಕರಗಿಸಿದ ವಿನೆಗರನ್ನು ಮೇಲೆ ಸುರಿಯಿರಿ. ಮರದ ಸಟ್ಟುಗವನ್ನು ಓರೆಯಾಗಿ ಹಿಡಿದು, ಅದರ ಅಂಚಿನಿಂದ ಅನ್ನವನ್ನು ಸೀಳುತ್ತ, ಅಡಿಯಿಂದ ಮಗುಚುತ್ತ ಬನ್ನಿ. ಕಲಸಬೇಡಿ, ಅಗುಳು ಮುರಿಯಬಾರದು. ಬೀಸಣಿಗೆಯಿಂದ ಗಾಳಿ ಹಾಕಿ ಮೈಬಿಸಿಯಷ್ಟು ಆರಿಸಿ. ಕೈ ಒದ್ದೆ ಮಾಡಿಕೊಂಡು ಸಣ್ಣ ಹಿಡಿ, ಸುಮಾರು 20 ಗ್ರಾಂ, ತೆಗೆದುಕೊಂಡು ಹಿಡಿ ಕಟ್ಟಿರಿ, ಒತ್ತಬೇಡಿ.”

ಈ ಕೈ ಒದ್ದೆ ಮಾಡಿಕೊಳ್ಳುವ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿರುತ್ತಾರೆ, ಅದನ್ನು ‘ತೆಜು’ ಎನ್ನುತ್ತಾರೆ. ‘ತೆ’ ಎಂದರೆ ಕೈ, ‘ಸು’ ಎಂದರೆ ವಿನೆಗರ್, ಸಮಾಸದಲ್ಲಿ ನಮ್ಮ ಮಳೆಗಾಲದಂತೆಯೇ ಎರಡನೆಯ ಪದದ ಮೊದಲ ವ್ಯಂಜನ ಮೆತ್ತಗಾಗಿದೆ. ಸದ್ಯಕ್ಕೆ ‘ಕೈಗೆ ಹಚ್ಚುವ ನೀರು’ ಎಂದು ಬರೆದಿದ್ದೇನೆ. ಇದಕ್ಕೆ ಒಂದೇ ಪದ ಹೊಳೆದವರು ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕೆಂದು ವಿನಂತಿ.