ಸಹಾಯ ಬೇಕು: ಮಲೆನಾಡಿನ ಮಳೆ ತಡೆಯುವ ತೂಗುಕುಂಡದ ಹೂಗಿಡ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಜಗಲಿ ಪೂರ್ವಕ್ಕಿದೆ, ಬೆಳಗ್ಗೆ ಮೂರು ಗಂಟೆ ಕಾಲ ಬಿಸಿಲು ಬರುತ್ತೆ. ಸೂರಿನ ಅಂಚಿಗೆ ಐದು ಹೂಬುಟ್ಟಿ ತೂಗುಹಾಕಬೇಕು ಅಂತ ಅಮ್ಮನಿಗೆ ತುಂಬಾ ಆಸೆ.

ಹೋದ ವರ್ಷ ತೆಂಗಿನ ನಾರಿನ ಬುಟ್ಟಿಯಲ್ಲಿ ಪೆಟೂನಿಯಾ ಹಾಕಿದ್ದೆವು. ಫೆಬ್ರವರಿಯಲ್ಲಿ ಬುಟ್ಟಿಯೇ ಕಾಣದಷ್ಟು ಹೂ! ಏಪ್ರಿಲ್‌ನಲ್ಲಿ ನಾರು ಬೇಗ ಒಣಗುತ್ತಿತ್ತು, ದಿನಕ್ಕೆರಡು ಸಲ ನೀರು ಹಾಕಿ ಉಳಿಸಿಕೊಂಡೆವು. ಜುಲೈ ಇರಚಲಿಗೆ ಮಾತ್ರ ತಡೆಯಲಿಲ್ಲ. ಹೂವೆಲ್ಲ ಒದ್ದೆ ಕಾಗದದ ಹಾಗೆ ಎಲೆಗೆ ಅಂಟಿಕೊಂಡಿತು, ಬುಡ ಕೊಳೆಯಿತು. ನೀರು ಕುಡಿದ ಮಣ್ಣಿನ ಭಾರಕ್ಕೆ ಕೊಕ್ಕೆಯೂ ಬಾಗಿತ್ತು. ಅಮ್ಮ ಎರಡು ದಿನ ಜಗಲಿಗೇ ಬರಲಿಲ್ಲ.

ಈ ಸಲ ತಳದಲ್ಲಿ ತೂತಿರುವ 10 ಇಂಚಿನ ಪ್ಲಾಸ್ಟಿಕ್ ಕುಂಡ ತರೋಣ ಅಂತಿದ್ದೇನೆ. ಮಣ್ಣು ಕಡಿಮೆ ಮಾಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಜಾಸ್ತಿ ಹಾಕಿದರೆ ಹಗುರ ಆಗುತ್ತೆ ಅಲ್ವಾ? ಆದರೆ ಮಳೆಗಾಲದಲ್ಲಿ ಕೋಕೋಪೀಟ್ ನೀರು ಹಿಡಿದಿಟ್ಟುಕೊಳ್ಳುತ್ತೆ ಅನ್ನೋ ಭಯ. ಮರಳು ಸೇರಿಸಿದರೆ ಮತ್ತೆ ಭಾರ.

ಟೇಬಲ್ ರೋಸ್‌ಗೆ ನಮ್ಮ ಬಿಸಿಲು ಸಾಲದು. ಬಿಗೋನಿಯಾ, ಫ್ಯೂಷಿಯಾ ಮನಸ್ಸಿನಲ್ಲಿವೆ. ನಮ್ಮ ಕಡೆ ಮಳೆಯಲ್ಲಿ ಇವನ್ನು ಬೆಳೆಸಿದವರು ಯಾರಾದರೂ ಇದ್ದೀರಾ? ಒಂದು ಕುಂಡಕ್ಕೆ ಎಷ್ಟು ಸಸಿ ಹಾಕಿದಿರಿ? ಮಳೆಗಾಲದಲ್ಲಿ ಒಳಗೆ ಎತ್ತಿಡಲೇಬೇಕಾ? ಫೋಟೋ ಇದ್ದರೆ ದಯವಿಟ್ಟು ಹಾಕಿ, ಅಮ್ಮನಿಗೆ ತೋರಿಸುತ್ತೇನೆ.